ಹೆಚ್ಚುವರಿ ಶಾಖದ ಊರು

ಇದನ್ನು ನಾನು ಬರೆಯುತ್ತಿದ್ದೇನೆ, ಬಾಯಿಬಿಟ್ಟು ಹೇಳುತ್ತಿಲ್ಲ. ನಮ್ಮೂರಿನಲ್ಲಿ ಇವೆರಡಕ್ಕೂ ಇರುವ ಅಂತರ ಹೊರಗಿನವರಿಗೆ ಸುಲಭಕ್ಕೆ ತಿಳಿಯುವಂಥದ್ದಲ್ಲ. ಬರೆದದ್ದಕ್ಕೆ ಕಲ್ಲು ಬೆಚ್ಚಗಾಗುವುದಿಲ್ಲ. ಹಿಂದೊಮ್ಮೆ ಇಲಾಖೆಯವರು ಎರಡು ಗಾಡಿ ತುಂಬ ಹಳೆಯ ಕಡತಗಳನ್ನು ತಂದು ಕಲ್ಲಿನ ಸುತ್ತ ಪೇರಿಸಿ, ಮೂರು ದಿನ ಎದುರು ಕೂತು, ನೆಗಡಿ ಹಿಡಿಸಿಕೊಂಡು ವಾಪಸು ಹೋಗಿದ್ದರು.

ನಮ್ಮದು ಚಳಿಯ ಊರು. ವರ್ಷದಲ್ಲಿ ಏಳು ತಿಂಗಳು, ಬೆಳಗ್ಗೆ ಎದ್ದು ನೋಡಿದರೆ ಕೊಡದ ನೀರಿನ ಮೇಲೆ ಕೆನೆಯ ಹಾಗೆ ಮಂಜುಗಡ್ಡೆ ಕಟ್ಟಿರುತ್ತದೆ. ಸುತ್ತಲ ಗುಡ್ಡಗಳು ಬೋಳು. ಸೌದೆ ಕೆಳಗಿನಿಂದ ಲಾರಿಯಲ್ಲಿ ಬರಬೇಕು, ಬಂದದ್ದು ಅಡುಗೆಗೇ ಸರಿಹೋಗುತ್ತದೆ. ಮೈ ಕಾಯಿಸಿಕೊಳ್ಳಲು ಇರುವುದು ಕಾವುಗಲ್ಲು ಒಂದೇ. ಪ್ರತಿ ಮನೆಯ ನಡುಮನೆಯಲ್ಲೂ ಒರಳುಕಲ್ಲಿನಷ್ಟು ದಪ್ಪದ, ಕಪ್ಪಗಿನ ಒಂದು ಕಲ್ಲು ಕೂತಿರುತ್ತದೆ. ಅದರ ಹತ್ತಿರ ಮಾತಾಡಿದರೆ ಬಿಸಿಯಾಗುತ್ತದೆ. ಆದರೆ ಮಾತು ನಿಜದ್ದಾಗಿರಬೇಕು, ಹೊಸದಾಗಿರಬೇಕು. ‘ಇವತ್ತು ಸಂತೆಯ ಬದನೆಕಾಯೆಲ್ಲ ಹುಳುಕು’ ಅಂದರೆ ಅಂಗೈ ಬೆಚ್ಚಗಾಗುವಷ್ಟು. ‘ನಿಮ್ಮ ಓರಗಿತ್ತಿ ನಿಮ್ಮ ಬಗ್ಗೆ ನಿನ್ನೆ ಏನಂದಳು ಗೊತ್ತಾ’ ಅಂದರೆ ಹಾಲು ಉಕ್ಕುವಷ್ಟು. ಕೇಳಲು ಮನುಷ್ಯರು ಇರಲೇಬೇಕೆಂದಿಲ್ಲ, ಕಲ್ಲಿಗೆ ಕೇಳಿಸಿದರೆ ಸಾಕು. ಒಂದು ಕಲ್ಲಿಗೆ ಹೇಳಿಬಿಟ್ಟ ಸಂಗತಿ ಊರಿನ ಎಲ್ಲ ಕಲ್ಲುಗಳಿಗೂ ಹಳತು. ಕಟ್ಟುಕತೆಗೆ ಕಾವಿಲ್ಲ, ಊರಿನ ಇಬ್ಬರು ಕವಿಗಳೂ ಕಂಬಳಿಯೊಳಗೇ ಕಾಲ ಹಾಕಿದವರು.

ನಾನು ತಿಪ್ಪೇಶ, ಶಾಖ ಇಲಾಖೆಯ ಮೀಟರ್ ಓದುವವನು. ಆರು ವರ್ಷದ ಹಿಂದೆ ಸರ್ಕಾರಕ್ಕೆ ನಮ್ಮ ಕಲ್ಲುಗಳ ಸುದ್ದಿ ಮುಟ್ಟಿತು. ಹೊಗೆಯಿಲ್ಲ, ಬೂದಿಯಿಲ್ಲ, ಆಮದಿಲ್ಲ. ಇಂಥ ಶಾಖಕ್ಕೆ ಪ್ರೋತ್ಸಾಹ ಕೊಡಬೇಕೆಂದು ತೀರ್ಮಾನವಾಗಿ, ಕಲ್ಲು ಹೊರಹಾಕುವ ಪ್ರತಿ ಯೂನಿಟ್ ಕಾವಿಗೂ ಸಬ್ಸಿಡಿ ಘೋಷಣೆಯಾಯಿತು. ಅದಕ್ಕೆ ಮೊದಲು ಒಂದು ನಮೂನೆ ತುಂಬಿ ಕಳಿಸಬೇಕಿತ್ತು. ಇಪ್ಪತ್ತು ಪ್ರಶ್ನೆ. ಹನ್ನೊಂದನೆಯದು: ಸದರಿ ಸಂಪನ್ಮೂಲವು ತೀರಿಹೋಗುವ ಸಂಭವವಿದೆಯೇ? ಆ ಹೊತ್ತಿಗೆ ಹೊರಗೆ ಜಗುಲಿಯ ಮೇಲೆ ನನ್ನ ಹೆಂಡತಿ ಪಕ್ಕದ ಮನೆಯವಳ ಜೊತೆ ಎರಡು ಗಂಟೆಯಿಂದ ಮಾತಾಡುತ್ತಿದ್ದಳು. ನಾನು ‘ಇಲ್ಲ’ ಎಂಬಲ್ಲಿ ಟಿಕ್ ಹಾಕಿದೆ.

ಸಬ್ಸಿಡಿಯ ಆದೇಶದಲ್ಲಿ ಕಾವು ಯಾರಿಗೆ ತಾಗಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಇದನ್ನು ಮೊದಲು ಕಂಡುಹಿಡಿದವರು ಅಕ್ಕಿ ಗಿರಣಿಯ ಗುರುಬಸಪ್ಪನವರು. ಗಿರಣಿಯ ಹಿಂದೆ ಅವರದು ನಾಲ್ಕು ತಗಡಿನ ಶೆಡ್ಡುಗಳಿದ್ದವು. ಒಂದೊಂದರಲ್ಲೂ ಎಂಟು ಕಲ್ಲು ಹಾಕಿಸಿ, ಕೂಲಿಗೆ ಜನ ಕರೆಸಿ, ಬೆಳಗಿನಿಂದ ಸಂಜೆಯವರೆಗೆ ಮಾತಾಡಿಸಿದರು. ಒಳಗೆ ಹಸಿ ಇಟ್ಟಿಗೆ ಇಟ್ಟಿದ್ದರೆ ಬೆಂದು ಹೋಗುತ್ತಿತ್ತು. ಆದರೆ ಒಳಗೆ ಏನೂ ಇರಲಿಲ್ಲ, ಶಾಖ ತಗಡಿನ ಸಂದಿಯಿಂದ ಆಕಾಶಕ್ಕೆ ಹೋಗುತ್ತಿತ್ತು. “ಆಕಾಶವೂ ಸರ್ಕಾರದ್ದೇ ಅಲ್ವೇನಪ್ಪಾ ತಿಪ್ಪೇಶ, ಬೆಚ್ಚಗಿರ್ಲಿ ಬಿಡು” ಅಂದರು ಗುರುಬಸಪ್ಪನವರು. ವರ್ಷ ತುಂಬುವುದರೊಳಗೆ ಊರ ತುಂಬ ಶೆಡ್ಡುಗಳೆದ್ದವು. ದನದ ಕೊಟ್ಟಿಗೆಗಳು ಖಾಲಿಯಾಗಿ ಶೆಡ್ಡುಗಳಾದವು, ದನಗಳು ಹೊರಗೆ ನಡುಗುತ್ತ ನಿಂತವು.

ಜನ ಮಾತನ್ನು ಉಳಿತಾಯ ಮಾಡಲು ಕಲಿತರು. ಬೀದಿಯಲ್ಲಿ ಎದುರಾದರೆ ತಲೆಯಾಡಿಸಿ ಹೋಗುವುದು ರೂಢಿಯಾಯಿತು. ಆಡಬೇಕಾದ್ದನ್ನು ಶೆಡ್ಡಿಗೆ ಉಳಿಸಿಕೊಳ್ಳಬೇಕಲ್ಲ. ಚಹಾದ ಅಂಗಡಿಯವನು ಲೋಟ ತೋರಿಸಿ ಒಂದಾ ಎರಡಾ ಎಂದು ಬೆರಳಲ್ಲೇ ಕೇಳುತ್ತಿದ್ದ. ಗಂಡು ನೋಡಲು ಬಂದವರು “ಹುಡುಗನ ಹತ್ತಿರ ಇನ್ನೂ ಎಷ್ಟು ಮಾತು ಉಳಿದಿದೆ?” ಎಂದು ಕೇಳತೊಡಗಿದರು. ಹೆಚ್ಚು ತಿರುಗಾಡಿದ, ನಾಲ್ಕು ಕಡೆ ಕೆಲಸ ಬಿಟ್ಟುಬಂದ, ಎರಡು ಕೇಸು ಹಾಕಿಸಿಕೊಂಡ ಹುಡುಗರಿಗೆ ಒಳ್ಳೊಳ್ಳೆಯ ಮನೆಯ ಸಂಬಂಧ ಕೂಡಿಬಂತು.

ಎಲ್ಲರೂ ದಿನವಿಡೀ ಶೆಡ್ಡಿನಲ್ಲಿ ಕೂತು ಮಾತಾಡುತ್ತಿದ್ದುದರಿಂದ ಊರಿನಲ್ಲಿ ಏನೂ ನಡೆಯುವುದು ನಿಂತುಹೋಯಿತು. ಏನೂ ನಡೆಯದೆ ಇದ್ದುದರಿಂದ ಹೇಳಲು ಏನೂ ಹುಟ್ಟಲಿಲ್ಲ. ಇದು ಮೂರನೆಯ ವರ್ಷದ ಮಾತು. ಹೇಳಬಹುದಾದದ್ದೆಲ್ಲ ಮುಗಿದಿತ್ತು. ಹೇಳಬಾರದ್ದು ಎಲ್ಲರ ಹತ್ತಿರವೂ ಇತ್ತು, ಆದರೆ ತಗಡಿನ ಗೋಡೆಯ ಆಚೆ ಪಕ್ಕದ ಶೆಡ್ಡಿನವರ ಕಿವಿ ಇತ್ತು.

ಕಲ್ಲುಗಳು ತಣ್ಣಗಾಗುತ್ತಿರುವುದು ಮೊದಲು ಗೊತ್ತಾದದ್ದು ನನಗೆ. ಗೊತ್ತಾದ ಮೇಲೆ ನಾನು ಮಾಡಿದ್ದು ಇಷ್ಟು: ಮೀಟರ್ ಓದುವುದನ್ನು ಬಿಟ್ಟೆ. ಕಳೆದ ತಿಂಗಳ ಅಂಕಿಗಳನ್ನೇ ಈ ತಿಂಗಳ ಪುಟಕ್ಕೆ ಇಳಿಸುತ್ತ ಹೋದೆ. ಯಾರೂ ನನ್ನ ಕೈಗೆ ಏನೂ ತುರುಕಲಿಲ್ಲ. ಇಲಾಖೆಯ ಆ ವರ್ಷದ ಕ್ಯಾಲೆಂಡರಿನಲ್ಲಿ, ಮಾರ್ಚ್ ತಿಂಗಳ ಮೇಲೆ, ನನ್ನ ಫೋಟೊ ಅಚ್ಚಾಗಿತ್ತು. ಕಲ್ಲಿನ ಪಕ್ಕ ಮಂಡಿಯೂರಿ, ಮೀಟರ್ ಹಿಡಿದು, ಸ್ವಲ್ಪ ನಗುತ್ತಿರುವ ನಾನು. ಕೆಳಗೆ ‘ಪ್ರಥಮ ಸ್ಥಾನದ ಪಟ್ಟಣ’ ಎಂದಿತ್ತು. ಚಹಾದ ಅಂಗಡಿ, ಕ್ಷೌರದ ಅಂಗಡಿ, ಆಸ್ಪತ್ರೆ, ಎಲ್ಲ ಕಡೆ ಅದು ನೇತಾಡುತ್ತಿತ್ತು. ಏಪ್ರಿಲ್ ಬಂದರೂ ಹಲವರು ಹಾಳೆ ತಿರುವಿರಲಿಲ್ಲ. ಮನುಷ್ಯ ಹಾಳಾಗಲು ಇಷ್ಟು ಸಾಕು.

ಅದೇ ಹೊತ್ತಿನಲ್ಲಿ ರಾಜಧಾನಿಯಲ್ಲಿ ವಿದ್ಯುತ್ತಿನ ಯೋಜನೆ ತಯಾರಾಗುತ್ತಿತ್ತು. ನಮ್ಮೂರಿಗೆ ಇರುವುದು ಒಂದು ಬಡಕಲು ಲೈನು. ಮೂರನೆಯ ಬಲ್ಬು ಹಾಕಿದರೆ ಮೊದಲನೆಯದು ಮಂಕಾಗುತ್ತದೆ. ಕಣಿವೆ ದಾಟಿ ದೊಡ್ಡ ಲೈನು ಎಳೆದು ಇಲ್ಲೊಂದು ಸಬ್‌ಸ್ಟೇಷನ್ ಮಾಡುವುದೆಂದು ನಕ್ಷೆಯಲ್ಲಿ ಗೆರೆಯಾಗಿತ್ತು. ಅದನ್ನು ನಂಬಿ ಯಾರೋ ದಾನಿಗಳು ನಮ್ಮ ಹೆರಿಗೆ ಆಸ್ಪತ್ರೆಗೆ, ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಕರೆಂಟಿನ ಪೆಟ್ಟಿಗೆಯನ್ನೂ ಕಳಿಸಿಕೊಟ್ಟಿದ್ದರು. ಅಷ್ಟರಲ್ಲಿ ಯೋಜನಾ ಕಚೇರಿಯಿಂದ ಒಂದು ಪ್ರಶ್ನೆ ಬಂತು: ತಮ್ಮ ಪಟ್ಟಣಕ್ಕೆ ಸದರಿ ಲೈನಿನ ಅಗತ್ಯವಿದೆಯೇ? ಉತ್ತರದ ಕರಡು ಬರೆಯುವ ಕೆಲಸ ನನ್ನ ಮೇಜಿಗೆ ಬಂತು. ರಿಜಿಸ್ಟರಿನಲ್ಲಿ ಊರು ಉರಿಯುತ್ತಿತ್ತು. ಅಗತ್ಯವಿದೆ ಎಂದರೆ ರಿಜಿಸ್ಟರು ಸುಳ್ಳಾಗಬೇಕು. ‘ಇದು ಹೆಚ್ಚುವರಿ ಶಾಖದ ಪಟ್ಟಣವಾಗಿದ್ದು, ಪ್ರಸ್ತುತ ಅಗತ್ಯ ಕಂಡುಬರುವುದಿಲ್ಲ’ ಎಂದು ಬರೆದೆ. ನಮ್ಮ ಇಲಾಖೆಯ ಸಾಹೇಬರು ಸಹಿ ಮಾಡಿದರು. ಗೆರೆ ಕಣಿವೆಯ ಬಾಯಲ್ಲೇ ತಿರುಗಿ ಬೇರೆ ಊರಿನ ದಿಕ್ಕು ಹಿಡಿಯಿತು. ಕರೆಂಟಿನ ಪೆಟ್ಟಿಗೆ ಬಿಚ್ಚದೆಯೇ ಆಸ್ಪತ್ರೆಯ ಮೂಲೆ ಸೇರಿತು. ಹೆಡ್ ನರ್ಸ್ ದಾಕ್ಷಾಯಣಿ ಸಿಸ್ಟರ್ ಅದರ ಮೇಲೆ ಒಂದು ಬಟ್ಟೆ ಹಾಸಿ ಹೆರಿಗೆ ರಿಜಿಸ್ಟರ್ ಇಟ್ಟುಕೊಂಡರು.

ಮುಂದಿನ ಪುಷ್ಯಮಾಸದಲ್ಲಿ ನನ್ನ ತಂಗಿ ಇಂದುಮತಿ ಏಳಕ್ಕೇ ಹೆತ್ತಳು. ಹೆಣ್ಣುಕೂಸು, ಒಂದೂಕಾಲು ಕೆಜಿ. ಸಿಸ್ಟರ್ ಅದನ್ನು ಹತ್ತಿಯಲ್ಲಿ ಸುತ್ತಿ ತಾಯಿಯ ಎದೆಗೆ ಕಟ್ಟಿದರು. ಬಿಸಿನೀರಿನ ಬಾಟಲಿಗಳನ್ನು ಆಚೀಚೆ ಇಟ್ಟರು, ಅವು ಕಾಲು ಗಂಟೆಗೇ ಆರಿಹೋಗುತ್ತಿದ್ದವು. ವಾರ್ಡಿನ ಕಲ್ಲು ಬಾವಿಯ ಕಲ್ಲಿನಂತೆ ತಣ್ಣಗಿತ್ತು.

“ಕೋಣೆ ಬೆಚ್ಚಗಾಗದೆ ಇದು ಉಳಿಯಲ್ಲ ತಿಪ್ಪೇಶಣ್ಣ,” ಅಂದರು ಸಿಸ್ಟರ್. “ಯಾರನ್ನಾದ್ರೂ ಕರ್ಕೊಂಡು ಬನ್ನಿ. ಏನಾದ್ರೂ ಇರೋರ್ನ.”

ಹತ್ತು ಹನ್ನೆರಡು ಜನ ಬಂದರು, ಪಾಪ. ಕಲ್ಲಿನ ಸುತ್ತ ಕುಕ್ಕುರುಗಾಲಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿದರು. ಚಹಾದ ಅಂಗಡಿಯವನು ಬಹಳ ಹೊತ್ತು ಯೋಚಿಸಿ, “ನಿನ್ನೆ ಒಂದು ಲೋಟ ಒಡೀತು” ಅಂದ. ಕಲ್ಲಿಗೆ ಒಂದು ಕ್ಷಣ ಜೀವ ಬಂದಂತಾಗಿ ಮತ್ತೆ ಆರಿತು. “ಇನ್ನೊಂದು ಲೋಟ ಒಡೆದು ಬರ್ತೀನಿ ತಾಳಿ” ಎಂದು ಓಡಿದ. ಅವನು ಮಧ್ಯಾಹ್ನದವರೆಗೆ ಒಂಬತ್ತು ಲೋಟ ಒಡೆದನೆಂದು ಆಮೇಲೆ ತಿಳಿಯಿತು. ಆದರೆ ಎರಡನೆಯ ಲೋಟದಿಂದಲೇ ಅದು ಹಳೆಯ ಸುದ್ದಿ.

ತಪಾಸಣೆಯವರು ಬಂದಿಳಿದದ್ದೂ ಅವತ್ತೇ. ಮೂರು ವರ್ಷದಿಂದ ಹಣ ಎಲ್ಲಿ ಹೋಗುತ್ತಿದೆ ಎಂದು ಖಜಾನೆಗೆ ಸಂಶಯ ಬಂದು, ಕಾತ್ಯಾಯಿನಿ ಮೇಡಂ ಎಂಬ ಪರಿಶೀಲನಾಧಿಕಾರಿಯನ್ನು ಕಳಿಸಿದ್ದರು. ಸೀರೆಯ ಮೇಲೆ ಗಂಡಸರ ಸ್ವೆಟರು, ಕಿವಿಗೆ ಮಫ್ಲರು, ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಿಂದ ಹೊರಟ ತಂತಿಯನ್ನು ಕಲ್ಲಿಗೆ ಅಂಟಿಸಿದರೆ ಒಳಗಿನ ಮುಳ್ಳು ಕಾಗದದ ಸುರುಳಿಯ ಮೇಲೆ ಶಾಖದ ಗೆರೆ ಎಳೆಯುತ್ತಿತ್ತು. ಊರಿಗೆ ಒಂದೇ ಕಲ್ಲು, ಅರ್ಧ ಗಂಟೆಯ ಗೆರೆ. ಅದರ ಮೇಲೆ ಊರಿನ ಹಣೆಬರಹ.

ಗುರುಬಸಪ್ಪನವರು ಹಾರ ಹಿಡಿದು ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು. “ನಮ್ಮ ಶೆಡ್ಡಿಗೇ ಬರಬೇಕು ಮೇಡಂ, ಬಾದಾಮಿ ಹಾಲಿದೆ.” ಈ ದಿನಕ್ಕೆಂದೇ ಅವರು ತಮ್ಮ ಭಾವಮೈದುನನ ಒಂದು ರಹಸ್ಯವನ್ನು ಮೂರು ತಿಂಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು.

“ಯಾವ ಕಲ್ಲು ಅಂತ ಚೀಟಿ ಎತ್ತಬೇಕು,” ಅಂದರು ಮೇಡಂ. ಎತ್ತಿದರು. ಹೆರಿಗೆ ಆಸ್ಪತ್ರೆ ಬಂತು. ಗುರುಬಸಪ್ಪನವರ ಮುಖ ಹಾರಕ್ಕಿಂತ ಮೊದಲು ಬಾಡಿತು.

ಮೇಡಂ ವಾರ್ಡಿಗೆ ಬಂದು, ತಂತಿ ಅಂಟಿಸಿ, ಗಡಿಯಾರ ನೋಡಿ ಕೂತರು. ಸಿಸ್ಟರ್ ನನ್ನನ್ನು ಕಿಟಕಿಯ ಹತ್ತಿರ ಕರೆದು ಮೆಲ್ಲಗೆ ಕೇಳಿದರು, “ಗೆರೆ ಸೊನ್ನೆ ಬಂದ್ರೆ ಏನಾಗುತ್ತೆ?”

“ಹೆಚ್ಚುವರಿ ಅನ್ನೋದು ಹೋಗುತ್ತೆ. ಲೈನು ಮತ್ತೆ ನಮ್ಮ ಕಡೆ ತಿರುಗುತ್ತೆ.”

“ಯಾವಾಗ?”

“ಮುಂದಿನ ದೀಪಾವಳಿಗೆ ಬರಬಹುದು.”

ಸಿಸ್ಟರ್ ಮಗುವಿನ ಅಂಗಾಲು ಮುಟ್ಟಿ ನೋಡಿದರು. “ಇದಕ್ಕೆ ಬೇಕಾಗಿರೋದು ಈ ಮಧ್ಯಾಹ್ನ,” ಅಂದರು.

ಹತ್ತು ನಿಮಿಷ ಕಳೆಯಿತು. ಮುಳ್ಳು ಕಾಗದದ ತಳದಲ್ಲಿ ನೇರ ಗೆರೆ ಎಳೆಯುತ್ತಿತ್ತು. ಸುಮ್ಮನಿರುವುದು ಎಷ್ಟು ಅನುಕೂಲವೆಂದು ನನಗೆ ಹೊಳೆಯುತ್ತಿತ್ತು. ಸುಮ್ಮನಿದ್ದರೆ ಲೈನು ಬರುತ್ತದೆ, ಊರಿಗೆ ಒಳ್ಳೆಯದಾಗುತ್ತದೆ, ನಾನು ಬಾಯಿ ಬಿಡದೆಯೇ ನ್ಯಾಯ ಸಿಕ್ಕಿದಂತಾಗುತ್ತದೆ. ಒಂದೂಕಾಲು ಕೆಜಿ ಮಾತ್ರ ಆ ಲೆಕ್ಕದಲ್ಲಿ ಹಿಡಿಯುತ್ತಿರಲಿಲ್ಲ.

ಮೇಡಂ ನನ್ನ ರಿಜಿಸ್ಟರ್ ತೆರೆದು ಕನ್ನಡಕ ಸರಿಮಾಡಿಕೊಂಡರು. “ಇದೇ ಕಲ್ಲಿಗೆ ಕಳೆದ ತಿಂಗಳು ಮುನ್ನೂರ ಹನ್ನೆರಡು ಯೂನಿಟ್ ಬರೆದಿದ್ದೀರಿ. ಅದರ ಹಿಂದಿನ ತಿಂಗಳೂ ಮುನ್ನೂರ ಹನ್ನೆರಡು. ಅದರ ಹಿಂದಿನದೂ. ಏನಿದು?”

ನಾನು ಮಗುವನ್ನು ನೋಡಿದೆ. ಇಂದುಮತಿ ಸೆರಗಿನೊಳಗೆ ಅದರ ತಲೆಗೆ ಉಸಿರು ಬಿಡುತ್ತಿದ್ದಳು.

“ನಾನು ಓದೇ ಇಲ್ಲ ಮೇಡಂ,” ಅಂದೆ. “ಹದಿನಾಲ್ಕು ತಿಂಗಳಿಂದ ಯಾವ ಕಲ್ಲನ್ನೂ ಓದಿಲ್ಲ. ಹಳೇದನ್ನೇ ಇಳಿಸಿದ್ದೀನಿ.”

ಮುಳ್ಳು ಪೆಟ್ಟಿಗೆಯೊಳಗೆ ಕಟಕ್ಕನೆ ಮೇಲೆ ಹಾರಿತು. ಹೆದರಿ ಬಾಯಿ ಮುಚ್ಚಿದೆ.

“ನಿಲ್ಲಿಸ್ಬೇಡಿ!” ಅಂದರು ಸಿಸ್ಟರ್.

“ನಿಲ್ಲಿಸಿ,” ಅಂದರು ಮೇಡಂ. “ಅಳತೆ ಕೆಡುತ್ತೆ. ಹೇಳಿಕೆ ಕೊಡೋದಿದ್ದರೆ ಆಮೇಲೆ ಬರೆದು ಕೊಡಿ.”

“ಬರೆದರೆ ಬಿಸಿಯಾಗಲ್ಲ ಮೇಡಂ.”

“ಸರ್ಕಾರಕ್ಕೆ ಬರೆದದ್ದೇ ಬೇಕು.”

“ಕೂಸಿಗೆ ಹೇಳಿದ್ದು ಬೇಕು,” ಅಂದರು ಸಿಸ್ಟರ್, ಇಂದುಮತಿಯ ಮಂಚವನ್ನು ಕಲ್ಲಿನ ಪಕ್ಕಕ್ಕೆ ಎಳೆಯುತ್ತ. “ತಿಪ್ಪೇಶಣ್ಣ, ಹೂಂ.”

ಹೇಳಿದೆ. ಖಾಲಿ ಶೆಡ್ಡುಗಳ ಬಾಗಿಲು ತೆರೆದು ನೋಡದೆಯೇ ಸರಿ ಇದೆ ಎಂದು ಬರೆದದ್ದು, ಹನ್ನೊಂದನೆಯ ಪ್ರಶ್ನೆಗೆ ಹೆಂಡತಿಯ ಮಾತು ಕೇಳಿಸಿಕೊಳ್ಳುತ್ತ ಟಿಕ್ ಹಾಕಿದ್ದು, ಕ್ಯಾಲೆಂಡರಿನ ಫೋಟೊವನ್ನು ಮನೆಯ ಕನ್ನಡಿಯ ಪಕ್ಕ ತೂಗುಹಾಕಿ ದಿನಾ ಹೋಲಿಸಿ ನೋಡುತ್ತಿದ್ದದ್ದು. ಈ ಕೊನೆಯದಕ್ಕೆ ಮುಳ್ಳು ಎದ್ದ ಎತ್ತರ ನೋಡಿ ನನಗೇ ನಾಚಿಕೆಯಾಯಿತು. ಆಮೇಲೆ ಉಳಿದದ್ದು ಒಂದೇ. ಅದನ್ನು ಮೇಡಂಗೆ ಹೇಳುವಂತಿರಲಿಲ್ಲ.

“ಇಂದೂ,” ಅಂದೆ, “ಮೂಲೇಲಿರೋ ಆ ಪೆಟ್ಟಿಗೆ ನೋಡು. ಕರೆಂಟ್ ಇದ್ದಿದ್ದರೆ ನಿನ್ನ ಮಗು ಈಗ ಅದರಲ್ಲಿರಬೇಕಿತ್ತು. ಲೈನು ಬೇಡ ಅಂತ ಬರೆದಿದ್ದು ನಾನೇ ಕಣಮ್ಮಾ. ಕಲ್ಲು ತಣ್ಣಗಾಗ್ತಿದೆ ಅಂತ ಗೊತ್ತಿತ್ತು. ಗೊತ್ತಿದ್ದೇ ಬರೆದೆ.”

ಕಲ್ಲು ಕೆಂಪಗಾಗಲಿಲ್ಲ, ಹಾಗೆಲ್ಲ ಆಗುವುದಿಲ್ಲ. ಆದರೆ ಕಿಟಕಿಯ ಗಾಜಿಗೆ ಕಟ್ಟಿದ್ದ ಮಂಜು ನೀರಾಗಿ ಇಳಿಯತೊಡಗಿತು. ಮೇಡಂ ಮಫ್ಲರು ಸಡಿಲಿಸಿದರು. ಇಂದುಮತಿ ಸೆರಗು ಸರಿಸಿ ಮಗುವನ್ನು ಕಾವಿನ ಕಡೆಗೆ ತಿರುಗಿಸಿಕೊಂಡಳು.

“ಇನ್ನೂ ಏನಾದ್ರೂ ಇದ್ರೆ ಹೇಳಣ್ಣ,” ಅಂದಳು. “ಬೈಯೋದು ಹೇಗೂ ಇದ್ದೇ ಇದೆ. ನೀನು ಮುಗಿಸಿದ ಮೇಲೆ ಶುರು ಮಾಡ್ತೀನಿ. ಕಾವು ಹಾಳಾಗಬಾರದು.”

ಮಾಡಿದಳು ಕೂಡ. ಚಿಕ್ಕಂದಿನಿಂದ ನನ್ನ ಬಗ್ಗೆ ಅವಳ ಮನಸ್ಸಿನಲ್ಲಿದ್ದದ್ದೆಲ್ಲ ಬಂತು. ನಮ್ಮಪ್ಪ ತೀರಿಕೊಂಡಾಗ ನಾನು ಆಫೀಸಿನಿಂದ ತಡವಾಗಿ ಬಂದದ್ದು, ಅವಳ ಗಂಡನನ್ನು ಎಲ್ಲರೆದುರು ಮೀಟರ್ ಇಲ್ಲದವನು ಅಂದದ್ದು. ಅವಳಿಗೆ ಇಷ್ಟೆಲ್ಲ ನೆನಪಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅವಳು ಶೆಡ್ಡಿನಲ್ಲಿ ಕೂರಲು ಒಪ್ಪದಿದ್ದವಳು. ಒಂದು ಮಾತನ್ನೂ ಖರ್ಚು ಮಾಡಿರಲಿಲ್ಲ. ಸಿಸ್ಟರ್ ಮಗುವಿನ ಅಂಗಾಲು ಮುಟ್ಟಿ, ಒಂದು ಸುತ್ತು ಹತ್ತಿ ಬಿಚ್ಚಿದರು.

ಅರ್ಧ ಗಂಟೆಯಾಯಿತು. ಮೇಡಂ ಸುರುಳಿ ಹರಿದು ಬೆಳಕಿಗೆ ಹಿಡಿದರು. ಗೆರೆ ಕಾಗದದ ಮೇಲಂಚು ಮೀರಿ ಹೋಗಿತ್ತು.

“ನೀವೇ ಕೇಳಿಸಿಕೊಂಡಿರಲ್ಲ ಮೇಡಂ,” ಅಂದೆ. “ಇದು ಹೆಚ್ಚುವರಿಯಲ್ಲ. ಊರು ಖಾಲಿಯಾಗಿದೆ.”

“ಕೇಳಿಸಿಕೊಂಡೆ. ಕೇಳಿಸಿಕೊಂಡದ್ದನ್ನು ಬರೆಯಲು ನಮೂನೆಯಲ್ಲಿ ಜಾಗ ಇಲ್ಲ. ಗೆರೆಗೆ ಇದೆ.” ಅವರು ತಂತಿ ಬಿಚ್ಚಲು ಬಗ್ಗಿ, ಅಲ್ಲೇ ಸ್ವಲ್ಪ ತಡೆದು, ಕಲ್ಲಿಗೇ ಹೇಳುವಂತೆ ಅಂದರು, “ಆಗ ನಾನು ಯೋಜನಾ ಕಚೇರಿಯಲ್ಲಿದ್ದೆ. ನಿಮ್ಮ ಉತ್ತರ ಬಂದಾಗ ಊಟದ ಹೊತ್ತು. ರಬ್ಬರ್ ತಗೊಂಡು ಗೆರೆ ಅಳಿಸಿದವಳು ನಾನೇ. ಒಂದು ನಿಮಿಷವೂ ಹಿಡಿಯಲಿಲ್ಲ.”

ಮುಳ್ಳು ಕಾಗದವಿಲ್ಲದೆಯೇ ಮತ್ತೊಮ್ಮೆ ಹಾರಿತು. ಮೇಡಂ ಅದನ್ನು ಅಸಮಾಧಾನದಿಂದ ನೋಡಿ ಮುಚ್ಚಳ ಹಾಕಿದರು. ಬಾಗಿಲಲ್ಲಿ ನಿಂತು, “ಮಗುವಿಗೆ ಹೆಸರಿಟ್ಟರೆ ಒಂದು ಕಾಗದ ಹಾಕಿ” ಅಂದರು.

ವರದಿ ಬಂತು. ಪ್ರತಿ ಕಲ್ಲಿನ ಸರಾಸರಿ ಶಾಖದಲ್ಲಿ ನಮ್ಮೂರು ಇಡೀ ಪ್ರಾಂತ್ಯಕ್ಕೆ ಮೊದಲು. ಯೋಜನೆ ಅತ್ಯಂತ ಯಶಸ್ವಿ. ದೊಡ್ಡ ಲೈನಿನ ಪ್ರಸ್ತಾಪವನ್ನು ಶಾಶ್ವತವಾಗಿ ಕೈಬಿಡಬಹುದು. ನನ್ನ ಮೇಲೆ ಯಾವ ಕ್ರಮವೂ ಆಗಲಿಲ್ಲ, ಏಕೆಂದರೆ ಮುನ್ನೂರ ಹನ್ನೆರಡು ಎಂದು ನಾನು ಬರೆದದ್ದು ವಾಸ್ತವಕ್ಕಿಂತ ಕಡಿಮೆ ಎಂದು ಪೆಟ್ಟಿಗೆ ಸಾಬೀತು ಮಾಡಿತ್ತು. ವಿನಯಕ್ಕಾಗಿ ಇಲಾಖೆ ಒಂದು ಪ್ರಶಂಸಾಪತ್ರ ಕಳಿಸಿತು.

ಆದರೆ ಮಗುವಿಗೆ ಇನ್ನೂ ಎರಡು ತಿಂಗಳ ಕಾವು ಬೇಕಿತ್ತು. ನನ್ನದೂ ಇಂದುಮತಿಯದೂ ನಾಲ್ಕು ದಿನಕ್ಕೆ ಮುಗಿದವು. ಐದನೆಯ ದಿನ ಸಿಸ್ಟರ್ ಹೆರಿಗೆ ರಿಜಿಸ್ಟರಿನ ಕೊನೆಯ ಪುಟದಲ್ಲಿ ವಾರದ ಏಳು ದಿನಗಳನ್ನು ಗೆರೆ ಹೊಡೆದು ಬರೆದುಕೊಂಡು ಅಂಗಡಿ ಬೀದಿಗೆ ಹೊರಟರು. ಅಕ್ಕಿ ಗಿರಣಿಯ ಮುಂದೆ ನಿಂತರು.

“ಸಾಹುಕಾರ್ರೇ, ನಿಮಗೆ ಮಂಗಳವಾರ ಆಗುತ್ತಾ?”

“ನನ್ನ ಹತ್ರ ಏನಿದೆ ಸಿಸ್ಟರ್? ಎಲ್ಲಾ ಶೆಡ್ಡಲ್ಲೇ ಖರ್ಚಾಗೋಯ್ತು.”

“ಹೇಳೋ ಅಂಥದ್ದು ಖರ್ಚಾಗಿದೆ. ಉಳಿದಿದ್ದು ತಗೊಂಡು ಬನ್ನಿ.”

ಗುರುಬಸಪ್ಪನವರು ಬಂದರು. ಎಲ್ಲರೂ ಕಿವಿ ಮುಚ್ಚಿಕೊಳ್ಳಬೇಕೆಂದು ಷರತ್ತು ಹಾಕಿದರು. ಸಿಸ್ಟರ್ ಧಾರಾಳವಾಗಿ ಹತ್ತಿ ಹಂಚಿದರು. ಆಸ್ಪತ್ರೆಯ ಹತ್ತಿ ತೆಳ್ಳಗೆ ಇರುತ್ತದೆ. ಗಿರಣಿಯ ತೂಕದ ಬಟ್ಟುಗಳ ಬಗ್ಗೆ ಶುರುಮಾಡಿ, ಭಾವಮೈದುನನ ಮನೆಯ ದಾರಿ ಹಿಡಿದು, ಅಲ್ಲಿಂದ ಎಲ್ಲೆಲ್ಲಿಗೋ ಹೋದರು. ಕಿಟಕಿ ತೆರೆಯಬೇಕಾಯಿತು. ಹೊರಡುವಾಗ ಬೆವರು ಒರೆಸಿಕೊಂಡು, “ಇದು ಬರೀ ಪೀಠಿಕೆ ಸಿಸ್ಟರ್. ಮುಂದಿನ ಮಂಗಳವಾರವೂ ನಂಗೇ ಇಟ್ಕೊಳ್ಳಿ” ಅಂದರು. ಅವರ ಮುಖದಲ್ಲಿ ನಾನು ಅಂಥ ಹಗುರವನ್ನು ಹಿಂದೆ ಕಂಡಿರಲಿಲ್ಲ.

ಹೀಗೆ ಊರಿನ ಗುಟ್ಟುಗಳೆಲ್ಲ ಒಂದೊಂದಾಗಿ ವಾರ್ಡಿಗೆ ಬಂದವು. ಬಂದದ್ದು ಅಲ್ಲೇ ನಿಲ್ಲಲಿಲ್ಲ. ಗಿರಣಿಯ ಮುಂದೆ ಗಲಾಟೆಯಾಯಿತು, ಎರಡು ನಿಶ್ಚಿತಾರ್ಥ ಮುರಿದವು, ಮೂರು ಕೂಡಿದವು, ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಬಡಿದಾಡಿಕೊಂಡು ಒಂದೇ ಬೆಂಚಿನ ಮೇಲೆ ಚಹಾ ಕುಡಿದರು. ಜನ ಶೆಡ್ಡು ಬಿಟ್ಟು ಬೀದಿಗೆ ಬಂದರು, ಏನೇನು ನಡೆಯುತ್ತಿದೆ ಎಂದು ನೋಡಬೇಕಲ್ಲ. ನೋಡಿದ್ದನ್ನು ಮನೆಗೆ ಹೋಗಿ ಹೇಳಿದರು. ಒಂದು ಬೆಳಗ್ಗೆ ನನ್ನ ಹೆಂಡತಿ ಜಗುಲಿಯ ಮೇಲೆ ಪಕ್ಕದ ಮನೆಯವಳನ್ನು ಕೂಗಿ ಕರೆದದ್ದು ಕೇಳಿ, ಎದ್ದು ಹೋಗಿ ನಮ್ಮ ನಡುಮನೆಯ ಕಲ್ಲು ಮುಟ್ಟಿದೆ. ಬೆಚ್ಚಗಿತ್ತು. ಮೀಟರ್ ತಂದು ಓದಿದೆ. ನಿಜವಾಗಿಯೂ ಓದಿದೆ.

ಮಗು ಎರಡು ಕೆಜಿ ದಾಟಿ, ಬೇಸಿಗೆಯ ಹೊತ್ತಿಗೆ ಮನೆಗೆ ಹೋಯಿತು. ಬಲು ಗಲಾಟೆಯ ಹುಡುಗಿ. ಹೆಸರು ಕಾದಂಬಿನಿ, ಮೇಡಂಗೆ ಕಾಗದ ಹಾಕಿದ್ದೇವೆ. ಆಸ್ಪತ್ರೆಯಲ್ಲಿ ಈಗ ಮತ್ತೊಂದು ಏಳು ತಿಂಗಳ ಕೂಸಿದೆ. ಕರೆಂಟಿನ ಪೆಟ್ಟಿಗೆ ಇನ್ನೂ ಮೂಲೆಯಲ್ಲೇ, ರಿಜಿಸ್ಟರಿನ ಕೆಳಗೆ.

ಈ ವಾರ ಇಲಾಖೆಯಿಂದ ಸಬ್ಸಿಡಿ ಮುಂದುವರಿಸುವ ನಮೂನೆ ಬಂದಿದೆ. ಅದೇ ಇಪ್ಪತ್ತು ಪ್ರಶ್ನೆ. ಹನ್ನೊಂದನೆಯದರ ಹತ್ತಿರ ಪೆನ್ನು ನಿಂತಿತು. ಸದರಿ ಸಂಪನ್ಮೂಲವು ತೀರಿಹೋಗುವ ಸಂಭವವಿದೆಯೇ? ನಮೂನೆಯನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಮಂಗಳವಾರ. ವಾರ್ಡಿನ ಬಾಗಿಲು ಮುಚ್ಚಿತ್ತು, ಒಳಗಿನಿಂದ ಗುರುಬಸಪ್ಪನವರ ದನಿ ಕೇಳುತ್ತಿತ್ತು. ಸಿಸ್ಟರ್ ಹೊರಗೆ ಬೆಂಚಿನ ಮೇಲೆ ಕೂತು, ಸ್ವೆಟರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಗಾಳಿ ಹಾಕಿಕೊಳ್ಳುತ್ತಿದ್ದರು. ಪ್ರಶ್ನೆ ಓದಿ ಹೇಳಿದೆ.

“ತೀರುತ್ತೆ ಅಂತ ಬರೆದರೆ ಒಂದು ವೇಳೆ ಲೈನು ಬರಬಹುದು ಸಿಸ್ಟರ್. ತೀರಲ್ಲ ಅಂತ ಬರೆದರೆ ಖಂಡಿತ ಬರಲ್ಲ. ಆದರೆ ಈ ಸಲ ನಿಜವನ್ನೇ ಬರೀಬೇಕು ಅಂತಿದೀನಿ.”

ಸಿಸ್ಟರ್ ಸ್ವಲ್ಪ ಹೊತ್ತು ಬಾಗಿಲಿನತ್ತ ಕಿವಿಗೊಟ್ಟು ಕೂತರು.

“ಸಾಹುಕಾರ್ರು ಇನ್ನೂ ಮದುವೆಗೆ ಮುಂಚಿನದರಲ್ಲೇ ಇದ್ದಾರೆ,” ಅಂದರು. “ಅವರೊಬ್ಬರೇ ನಾಲ್ಕು ಚಳಿಗಾಲಕ್ಕೆ ಆಗ್ತಾರೆ. ಅವರಾದ ಮೇಲೆ ನಿಮ್ಮ ಸಾಹೇಬರಿದ್ದಾರೆ.”

‘ಇಲ್ಲ’ ಎಂಬಲ್ಲಿ ಟಿಕ್ ಹಾಕಿದೆ. ಈ ಸಲ ಯೋಚನೆ ಮಾಡಿ.